ತುಂಗಭದ್ರೆಗೆ ಹೂಳು ಜಾಸ್ತಿ, ಹೊನ್ನಾವರಕ್ಕೆ ಮರಳು ಕಡಿಮೆ: ಮಲೆನಾಡಿನ ಮಣ್ಣು ಎಲ್ಲಿ ನಿಲ್ಲುತ್ತಿದೆ?

ತುಂಗಭದ್ರಾ ಜಲಾಶಯದಲ್ಲಿ ಎಷ್ಟು ನೀರು ಹಿಡಿಸುತ್ತದೆ? ಇತ್ತೀಚಿನ ಸುದ್ದಿಗಳಲ್ಲಿ ಇದಕ್ಕೆ ಮೂರು ಉತ್ತರ ಸಿಗುತ್ತವೆ. ಒಂದು ಕಡೆ 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ), ಇನ್ನೊಂದು ಕಡೆ 105.788 ಟಿಎಂಸಿ, ಮತ್ತೊಂದು ಕಡೆ 80 ಟಿಎಂಸಿ. ಮೂರೂ ತಪ್ಪಲ್ಲ. ಓದುವವರ ತಲೆ ಕೆಡುವುದೂ ತಪ್ಪಲ್ಲ.

1953ರಲ್ಲಿ ಅಣೆಕಟ್ಟು ಮುಗಿದಾಗ ಇದ್ದದ್ದು 133. ಆಮೇಲೆ ತುಂಬಿದ ಹೂಳಿನಿಂದ ಅದು 105ಕ್ಕೆ ಇಳಿಯಿತು. ಇನ್ನು 80ಕ್ಕೂ ಮಣ್ಣಿಗೂ ಸಂಬಂಧವೇ ಇಲ್ಲ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್‌ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿ ಹೋಯಿತು. ಉಳಿದ ಹಳೇ ಗೇಟುಗಳ ಮೇಲೆ ಭಾರ ಹಾಕುವುದು ಬೇಡ ಎಂದು 2025ರ ಮಳೆಗಾಲದಲ್ಲಿ 80 ಟಿಎಂಸಿ ಆಸುಪಾಸಿಗೇ ನಿಲ್ಲಿಸಿದರು. ಅದು ಕಬ್ಬಿಣದ ಸಮಸ್ಯೆ. ಗೇಟು ಬದಲಾಯಿಸಿದರೆ ಮುಗಿಯುತ್ತದೆ. 133 ಮತ್ತು 105ರ ನಡುವಿನ ವ್ಯತ್ಯಾಸ ಇದೆಯಲ್ಲ, ಅದು ಹಾಗೆ ಮುಗಿಯುವಂಥದ್ದಲ್ಲ.

ಗೊಂದಲ ಇಲ್ಲಿಗೇ ನಿಲ್ಲುವುದಿಲ್ಲ. ಅದೇ ಪೇಪರಿನ ಕರಾವಳಿ ಪುಟ ತಿರುಗಿಸಿದರೆ ಕಡಲ್ಕೊರೆತದ ಸುದ್ದಿ. ನದಿಯಿಂದ ಮರಳು ಬರುತ್ತಿಲ್ಲ, ದಡ ಕರಗುತ್ತಿದೆ ಎಂಬ ದೂರು. ಅದರ ಪಕ್ಕದಲ್ಲೇ ಇನ್ನೊಂದು: ಹೊನ್ನಾವರದ ಅಳಿವೆಯಲ್ಲಿ, ಅಂದರೆ ನದಿ ಸಮುದ್ರ ಸೇರುವ ಬಾಯಲ್ಲಿ, ಹೂಳು ತುಂಬಿ ಮೀನುಗಾರಿಕೆ ದೋಣಿಗಳಿಗೆ ದಾರಿಯಿಲ್ಲ, ಡ್ರೆಜಿಂಗ್ ಮಾಡಿ ಎಂಬ ಬೇಡಿಕೆ. ಹಾಗಾದರೆ ಮಣ್ಣು ಜಾಸ್ತಿಯಾಗಿದೆಯೋ, ಕಡಿಮೆಯಾಗಿದೆಯೋ?

ಎರಡೂ ಆಗಿದೆ. ಇದನ್ನು ಅರ್ಥ ಮಾಡಿಕೊಳ್ಳಲು ಮಣ್ಣು ಎಷ್ಟು ಅನ್ನುವುದರ ಜೊತೆಗೆ ಎಂಥ ಮಣ್ಣು, ಎಲ್ಲಿ ನಿಂತಿದೆ ಎಂದೂ ಕೇಳಬೇಕು. ನಮ್ಮ ಚರ್ಚೆಗಳಲ್ಲಿ ಈ ಎರಡನೇ ಪ್ರಶ್ನೆಯನ್ನು ಯಾರೂ ಎತ್ತುವುದೇ ಇಲ್ಲ.

ಒಂದೇ ತಾಲ್ಲೂಕು, ಎರಡು ಸಮುದ್ರ

ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಬಿದ್ದ ಮಳೆ ಎರಡು ಸಮುದ್ರಗಳಿಗೆ ಹಂಚಿಹೋಗುತ್ತದೆ. ಆಗುಂಬೆಯ ನೀರು ಮಾಲತಿ ಹೊಳೆಯಲ್ಲಿ ಹರಿದು ತುಂಗೆಗೆ ಸೇರಿದರೆ ಅದರ ಮುಖ ಪೂರ್ವಕ್ಕೆ. ಅದೇ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಶರಾವತಿ ಪಶ್ಚಿಮಕ್ಕೆ ತಿರುಗಿ, ಸುಮಾರು 128 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ.

ಪೂರ್ವದ ದಾರಿ ಬಹಳ ಉದ್ದ. ಗಂಗಾಮೂಲದಲ್ಲಿ ಹುಟ್ಟಿದ ತುಂಗೆ ಮತ್ತು ಭದ್ರೆ ಶಿವಮೊಗ್ಗದ ಹತ್ತಿರ ಕೂಡ್ಲಿಯಲ್ಲಿ ಒಂದಾಗುತ್ತವೆ. ಹುಂಚದ ಕಡೆಯಿಂದ ಬರುವ ಕುಮುದ್ವತಿ, ಸಾಗರದ ವರದಾಮೂಲದಿಂದ ಹೊರಡುವ ವರದಾ ಕೆಳಗೆ ಬಂದು ಕೂಡಿಕೊಳ್ಳುತ್ತವೆ. ಹೊಸಪೇಟೆಯ ತುಂಗಭದ್ರಾ ಡ್ಯಾಮ್ ದಾಟಿದರೆ ಕೃಷ್ಣೆ, ಅಲ್ಲಿಂದ ಶ್ರೀಶೈಲ, ನಾಗಾರ್ಜುನಸಾಗರ, ವಿಜಯವಾಡದ ಪ್ರಕಾಶಂ ಬ್ಯಾರೇಜ್, ಕೊನೆಗೆ ಬಂಗಾಳ ಕೊಲ್ಲಿ. ನೀರು ಹೇಗೋ ಇಷ್ಟು ದೂರ ಹೋಗಿಬಿಡುತ್ತದೆ. ಮಣ್ಣಿಗೆ ಅಷ್ಟು ಸುಲಭವಿಲ್ಲ.

ತೂರಿದ ಹಾಗೆ ಬೇರೆಯಾಗುವ ಮಣ್ಣು

ಜುಲೈ ತಿಂಗಳಲ್ಲಿ ಕೂಡ್ಲಿಯ ಕೆಂಪು ನೀರನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಅಲ್ಲಾಡಿಸಿ ಇಟ್ಟರೆ ಒಂದು ವಿಷಯ ಕಣ್ಣಿಗೇ ಕಾಣುತ್ತದೆ. ಮರಳಿನ ಕಣಗಳು ಇಟ್ಟ ಕೂಡಲೇ ತಳ ಸೇರುತ್ತವೆ. ಅದರ ಮೇಲೆ ಬೂದು ಬಣ್ಣದ ನಯವಾದ ಪದರ ಕೂರಲು ಗಂಟೆಗಳು ಬೇಕು. ನೀರಿನ ಕೆಂಪು ಮಾತ್ರ ಮರುದಿನವೂ ಹೋಗಿರುವುದಿಲ್ಲ.

ಕಾರಣ ಕಣದ ಗಾತ್ರ. ನಯವಾದ ಕಣಗಳ ಲೆಕ್ಕದಲ್ಲಿ, ಅಡ್ಡಳತೆ ಹತ್ತು ಪಟ್ಟು ಕಡಿಮೆಯಾದರೆ ಮುಳುಗುವ ವೇಗ ನೂರು ಪಟ್ಟು ಕಡಿಮೆಯಾಗುತ್ತದೆ. 10 ಮೀಟರ್ ಆಳದ ನಿಂತ ನೀರು ಅಂದುಕೊಳ್ಳಿ. ಮಿಲಿಮೀಟರಿನ ಐದನೇ ಒಂದು ಭಾಗದಷ್ಟಿರುವ ಮರಳಿನ ಕಣ ಹತ್ತು ನಿಮಿಷದೊಳಗೆ ತಳ ಮುಟ್ಟುತ್ತದೆ. ಅದರ ಹತ್ತನೇ ಒಂದರಷ್ಟಿರುವ ಕಣಕ್ಕೆ ಸುಮಾರು ಆರು ಗಂಟೆ ಬೇಕು. ಅದಕ್ಕಿಂತಲೂ ಹತ್ತು ಪಟ್ಟು ಸಣ್ಣದಾದ ಜೇಡಿಯ ಕಣಕ್ಕೆ ಹತ್ತಿರ ಹತ್ತಿರ ನಾಲ್ಕು ವಾರ!

ನದಿ ವೇಗವಾಗಿ ಹರಿಯುವಾಗ ಈ ಮೂರೂ ಒಟ್ಟಿಗೇ ಸಾಗುತ್ತವೆ. ವೇಗ ತಗ್ಗಿದ ಕಡೆ ಬೇರೆಯಾಗುತ್ತವೆ. ಒಕ್ಕಲು ಕಣದಲ್ಲಿ ಭತ್ತ ತೂರಿದರೆ ಗಟ್ಟಿ ಕಾಳು ಕಾಲ ಬುಡದಲ್ಲೇ ಬಿದ್ದು, ಜೊಳ್ಳು ದೂರ ಹಾರುತ್ತದಲ್ಲ, ಅದೇ ಕೆಲಸವನ್ನು ಇಲ್ಲಿ ಡ್ಯಾಮಿನ ಹಿನ್ನೀರು ಮಾಡುತ್ತದೆ.

ಡ್ಯಾಮಿನೊಳಗೆ ಏನಾಗುತ್ತದೆ

ಹೂಳು ಅಂದರೆ ಅಣೆಕಟ್ಟಿನ ಗೋಡೆಯ ಬುಡದಲ್ಲಿ ಕೂರುವ ಕೆಸರು ಎಂದು ಹಲವರು ಅಂದುಕೊಂಡಿದ್ದಾರೆ. ಡ್ಯಾಮ್ ಕಟ್ಟುವಾಗ ತಳದಲ್ಲಿ ಡೆಡ್ ಸ್ಟೋರೇಜ್ (ಕಾಲುವೆಗೆ ಸಿಗದ ನೀರಿನ ಜಾಗ) ಬಿಟ್ಟಿರುತ್ತಾರೆ, ಹೂಳು ಅಲ್ಲಿ ತುಂಬಿಕೊಳ್ಳಲಿ, ಮೇಲಿನ ನೀರಿಗೆ ತೊಂದರೆಯಿಲ್ಲ ಎಂಬ ಲೆಕ್ಕವೂ ಇದೇ ನಂಬಿಕೆಯದ್ದು. ನಿಜವಾಗಿ ನಡೆಯುವುದು ಬೇರೆ. ನದಿ ಹಿನ್ನೀರಿಗೆ ಬಂದು ಸೇರುವ ತಲೆಭಾಗದಲ್ಲೇ ವೇಗ ಸತ್ತುಹೋಗುತ್ತದೆ. ಮರಳು, ಜಲ್ಲಿ ಎಲ್ಲ ಅಲ್ಲೇ ಕುಸಿದು ಕೂರುತ್ತವೆ. ತುಂಗಭದ್ರಾದಲ್ಲಿ ಅದು ಹಡಗಲಿ ಕಡೆಯ ಹಿನ್ನೀರು. ಅಂದರೆ ಹೂಳಿನ ಒಳ್ಳೇ ಪಾಲು ತುಂಬಿಕೊಳ್ಳುವುದು ರೈತನಿಗೆ ನೀರು ಕೊಡುವ ಜಾಗವನ್ನೇ. ಜೇಡಿ ಮಾತ್ರ ಮುಂದೆ ಸಾಗಿ ಗೋಡೆಯ ತನಕ ಹೋಗುತ್ತದೆ.

ಪ್ರತಿ ಮಳೆಗಾಲ ಕೇಳಿಬರುವ ಒಂದು ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಗೇಟು ತೆಗೆದು ಲಕ್ಷಗಟ್ಟಲೆ ಕ್ಯೂಸೆಕ್ ನೀರು ಬಿಡುತ್ತಾರೆ, ಅದರ ಜೊತೆ ಹೂಳು ಕೊಚ್ಚಿಹೋಗಬಾರದಾ? ಹೋಗುವುದಿಲ್ಲ. 33 ಕ್ರಸ್ಟ್‌ಗೇಟುಗಳು ಇರುವುದು ಅಣೆಕಟ್ಟಿನ ಮೇಲ್ತುದಿಯಲ್ಲಿ. ಅವು ಬಿಡುವುದು ಮೇಲಿನ ನೀರನ್ನು. ಆ ನೀರಿನಲ್ಲಿ ತೇಲುತ್ತಿರುವ ಜೇಡಿ ಹೋದೀತು. ಹಲವು ಕಿಲೋಮೀಟರ್ ಹಿಂದೆ ಕೂತ ಮರಳಿಗೆ ಗೇಟು ತೆಗೆದದ್ದೇ ಗೊತ್ತಾಗುವುದಿಲ್ಲ.

ಈಗ ಲೆಕ್ಕ ಹಾಕೋಣ. 133ರಲ್ಲಿ 105.8 ಕಳೆದರೆ ಸುಮಾರು 27 ಟಿಎಂಸಿ. ಒಂದು ಟಿಎಂಸಿ ಅಂದರೆ 2.83 ಕೋಟಿ ಘನ ಮೀಟರ್. ಹಾಗಾಗಿ ಒಳಗೆ ಕೂತಿರುವ ಹೂಳು ಸುಮಾರು 76 ಕೋಟಿ ಘನ ಮೀಟರ್. 378 ಚದರ ಕಿಲೋಮೀಟರ್ ವಿಸ್ತಾರದ ಇಡೀ ಜಲಾಶಯಕ್ಕೆ ಸಮವಾಗಿ ಹರಡಿದರೆ ಎರಡು ಮೀಟರ್ ದಪ್ಪ, ಅಂದರೆ ಆಳುದ್ದಕ್ಕಿಂತ ಜಾಸ್ತಿ.

ಇಲ್ಲಿ ಒಂದು ಚಿಕ್ಕ ತಕರಾರು ಬರುತ್ತದೆ. 2008ರ ಸಮೀಕ್ಷೆಯಲ್ಲಿ ಸಾಮರ್ಥ್ಯ 100.855 ಟಿಎಂಸಿ ಇತ್ತು. 2016ರ ಸಮೀಕ್ಷೆಯಲ್ಲಿ 105.788 ಆಯಿತು. ಎಂಟು ವರ್ಷದಲ್ಲಿ ಹೂಳು ಕರಗಿತಾ? ಇಲ್ಲ. ನೀರಿನಡಿಯ ನೆಲವನ್ನು ಅಳೆಯುವ ವಿಧಾನ, ಎಷ್ಟು ಜಾಗದಲ್ಲಿ ಅಳೆದರು ಅನ್ನುವುದರ ಮೇಲೆ ಉತ್ತರ ಬದಲಾಗುತ್ತದೆ. ಬೇಸಿಗೆಯಲ್ಲಿ ಬಯಲಾದ ಕೆಸರು ಒಣಗಿ, ಬಿರಿದು, ಕುಗ್ಗುವುದೂ ಉಂಟು. ಮೂರು ದಶಮಾಂಶ ಸ್ಥಾನದವರೆಗೆ ಬರೆದ ಅಂಕಿಯನ್ನು ನೋಡಿ ಅಷ್ಟೇ ಖಚಿತ ಎಂದುಕೊಳ್ಳಬಾರದು. ಆದರೆ ನೀರು ಹಂಚಿಕೆಗೆ ಒಂದು ಅಂಕಿ ಬೇಕೇ ಬೇಕು, ಅದಕ್ಕೇ ಇದು ನಿಂತಿದೆ.

ಹೂಳೆತ್ತಿ ಎನ್ನುವವರು, ಆಗದು ಎನ್ನುವವರು

ರೈತ ಸಂಘಟನೆಗಳ ಬೇಡಿಕೆ ನೇರವಾಗಿದೆ. ಹೂಳೆತ್ತಿ, ನೀರು ಹಿಡಿಯಿರಿ. ಇದರ ಹಿಂದೆ ಅನುಭವ ಇದೆ. ಕೆರೆಯ ಗೋಡು ಎತ್ತಿ ಹೊಲಕ್ಕೆ, ತೋಟಕ್ಕೆ ಹಾಕುವುದು ನಮ್ಮಲ್ಲಿ ಹಳೇ ರೂಢಿ. ಕೆರೆಗೂ ಒಳ್ಳೆಯದು, ಹೊಲಕ್ಕೂ ಒಳ್ಳೆಯದು. 2017ರಲ್ಲಿ ತುಂಗಭದ್ರಾ ಜಲಾಶಯಕ್ಕೇ ರೈತರು ತಾವಾಗಿ ಇಳಿದು ಹೂಳೆತ್ತಿದ್ದೂ ಇದೇ ನಂಬಿಕೆಯಿಂದ.

ಕೆರೆಗೆ ಸರಿಹೋದದ್ದು ಇಲ್ಲಿ ಯಾಕೆ ಆಗುವುದಿಲ್ಲ? ಒಂದು ಟಿಪ್ಪರಿಗೆ 10 ಘನ ಮೀಟರ್ ಅಂತ ಇಟ್ಟುಕೊಳ್ಳಿ. ಸಾವಿರ ಟಿಪ್ಪರ್, ದಿನಕ್ಕೆ ತಲಾ ಹತ್ತು ಟ್ರಿಪ್. ದಿನಕ್ಕೆ ಒಂದು ಲಕ್ಷ ಘನ ಮೀಟರ್ ಹೊರಗೆ ಬರುತ್ತದೆ. ಒಂದು ದಿನವೂ ರಜೆ ಇಲ್ಲದೆ ಓಡಿಸಿದರೆ 76 ಕೋಟಿ ಮುಗಿಯಲು ಸುಮಾರು 21 ವರ್ಷ. ಆದರೆ ನೆಲ ಒಣಗಿ ಟಿಪ್ಪರ್ ಇಳಿಯುವಂತಾಗುವುದು ಬೇಸಿಗೆಯ ಎರಡು ತಿಂಗಳು ಮಾತ್ರ. ಆ ಎರಡು ತಿಂಗಳಲ್ಲಿ ಎತ್ತಬಹುದಾದದ್ದು 60 ಲಕ್ಷ ಘನ ಮೀಟರ್. 1953ರಿಂದ 2016ರವರೆಗಿನ ಸರಾಸರಿ ನೋಡಿದರೆ ಪ್ರತಿ ಮಳೆಗಾಲ ಹೊಸದಾಗಿ ಬಂದು ಕೂರುವುದು ಸುಮಾರು 1.2 ಕೋಟಿ. ಅರ್ಧದಷ್ಟೂ ದಾಟುವುದಿಲ್ಲ. ಎತ್ತಿದ್ದನ್ನು ಎಲ್ಲಿ ಸುರಿಯುವುದು ಅನ್ನುವ ಪ್ರಶ್ನೆ ಹಾಗೇ ಉಳಿಯುತ್ತದೆ.

ಅದಕ್ಕೇ ಎಂಜಿನಿಯರುಗಳು ಇನ್ನೊಂದು ದಾರಿ ಹೇಳುತ್ತಾರೆ: ಕೊಪ್ಪಳ ಜಿಲ್ಲೆಯ ನವಲಿ ಬಳಿ ಸಮತೋಲನ ಜಲಾಶಯ ಕಟ್ಟಿ, ಉಕ್ಕಿ ಹೋಗುವ ನೀರನ್ನು ಅಲ್ಲಿ ಹಿಡಿಯುವುದು. ಇದಕ್ಕೆ ಭೂಮಿ ಬೇಕು, ಭಾರೀ ದುಡ್ಡು ಬೇಕು, ಆಂಧ್ರ ಮತ್ತು ತೆಲಂಗಾಣಗಳ ಒಪ್ಪಿಗೆಯೂ ಬೇಕು. ಒಂದು ಅನುಕೂಲವಂತೂ ಇದೆ. ದೊಡ್ಡ ಜಲಾಶಯದಲ್ಲಿ ಮರಳು ಕೂತ ಮೇಲಿನ ನೀರನ್ನು ಒಯ್ಯುವುದರಿಂದ ಹೊಸ ಜಲಾಶಯಕ್ಕೆ ಹೂಳಿನ ಕಾಟ ಕಡಿಮೆ. ಆದರೆ ಹಳೆಯದರಲ್ಲಿ ತುಂಬುವುದು ತುಂಬುತ್ತಲೇ ಇರುತ್ತದೆ.

ತಪ್ಪು ಮಲೆನಾಡಿನದ್ದಾ?

ಮೂರನೇ ವಾದ ಮೂಲದ್ದು. ಮಣ್ಣು ಹುಟ್ಟುವಲ್ಲೇ ತಡೆಯಿರಿ ಎನ್ನುವುದು. ಇದನ್ನು ಹೇಳುವಾಗ ಹಲವರ ಬೆರಳು ನೇರ ಮಲೆನಾಡಿನ ಕಡೆ ತಿರುಗುತ್ತದೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ, ಮಣ್ಣೂ ಅಲ್ಲಿಂದಲೇ ಬರಬೇಕು, ಅಲ್ವಾ?

ಅಷ್ಟು ಸರಳವಲ್ಲ. ದಟ್ಟ ಕಾಡಿನೊಳಗಿಂದ ಬರುವ ಹಳ್ಳ ಜೋರು ಮಳೆ ನಿಂತ ಸ್ವಲ್ಪ ಹೊತ್ತಿಗೆ ತಿಳಿಯಾಗುತ್ತದೆ. ಎಲೆ, ತರಗು, ಬೇರು ಸೇರಿ ಮಣ್ಣನ್ನು ಹಿಡಿದಿರುತ್ತವೆ. ಮಳೆ ಜಾಸ್ತಿ ಎಂದ ಮಾತ್ರಕ್ಕೆ ಮಣ್ಣು ಜಾಸ್ತಿ ಹೋಗುವುದಿಲ್ಲ. ನೆಲ ಬರಿದಾದಾಗ ಹೋಗುತ್ತದೆ. ಭದ್ರೆಯ ಮೇಲ್ಭಾಗದಲ್ಲಿದ್ದ ಕುದುರೆಮುಖದ ಕಬ್ಬಿಣದ ಗಣಿ ಇದಕ್ಕೆ ಎದ್ದು ಕಾಣುವ ಉದಾಹರಣೆ. ಕಣಿವೆಯ ಸಣ್ಣದೊಂದು ಭಾಗವನ್ನಷ್ಟೇ ಅಗೆದರೂ ಹೊಳೆಗೆ ಇಳಿದ ಮಣ್ಣು ಅದರ ಗಾತ್ರಕ್ಕೆ ಮೀರಿದ್ದಾಗಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಕೊನೆಯಲ್ಲಿ ಅಲ್ಲಿ ಗಣಿಗಾರಿಕೆ ನಿಂತಿತು. ಆ ಮಣ್ಣಿನಲ್ಲಿ ಬಹುಪಾಲು ಹೊಸಪೇಟೆಯ ತನಕ ಹೋಗಿರಲಾರದು, ಲಕ್ಕವಳ್ಳಿಯ ಭದ್ರಾ ಡ್ಯಾಮ್ ಮಧ್ಯೆ ಅಡ್ಡ ಇದೆ. ತುಂಗೆಗೆ ಅಂಥ ದೊಡ್ಡ ತಡೆ ಇಲ್ಲ. ಗಾಜನೂರಿನದ್ದು 3.24 ಟಿಎಂಸಿಯ ಪುಟ್ಟ ಜಲಾಶಯ. ಪ್ರವಾಹದಲ್ಲಿ ಅದು ಬಂದದ್ದನ್ನೆಲ್ಲ ಮುಂದಕ್ಕೆ ಬಿಡುತ್ತದೆ.

ಈಗಿನ ಮಟ್ಟಿಗೆ ಮಲೆನಾಡಿನಲ್ಲಿ ನೆಲ ಬರಿದಾಗುತ್ತಿರುವುದು ಬೇರೆ ರೀತಿಯಲ್ಲಿ. ರಸ್ತೆ ಅಗಲ ಮಾಡಲು ಗುಡ್ಡವನ್ನು ನೆಟ್ಟಗೆ ಕಡಿಯುವುದು. ಇಳಿಜಾರಿನಲ್ಲಿ ಜೆಸಿಬಿ ತಂದು ಸೈಟು, ತೋಟ ಮಾಡುವುದು. ಗೇಣಿಗೆ ಹಿಡಿದ ಜಮೀನಿನಲ್ಲಿ ಒಂದೆರಡು ವರ್ಷ ಶುಂಠಿ ಬೆಳೆದು, ಸಡಿಲವಾದ ನೆಲವನ್ನು ಹಾಗೇ ಬಿಟ್ಟು ಹೋಗುವುದು. ತೋಟಕ್ಕೆ ಸೊಪ್ಪು ಕಡಿಯುವ ಕಾಡು, ಅಂದರೆ ಸೊಪ್ಪಿನಬೆಟ್ಟ, ಬೋಳಾಗುವುದು. 2019ರ ಆಗಸ್ಟಿನಲ್ಲಿ ತೀರ್ಥಹಳ್ಳಿ, ಮೂಡಿಗೆರೆ ಕಡೆ ಗುಡ್ಡಗಳು ಜಾರಿದಾಗ ಗದ್ದೆ, ತೋಟಗಳ ಮೇಲೆ ಬಂದು ಕೂತದ್ದು ಈ ಮಣ್ಣೇ. ಇದರ ಜೊತೆ ಒಂದು ಮಾತು ಹೇಳಲೇಬೇಕು. ತುಂಗಭದ್ರಾ ಡ್ಯಾಮಿಗೆ ನೀರು ಹರಿದು ಬರುವ ಪ್ರದೇಶ 28,000 ಚದರ ಕಿಲೋಮೀಟರ್‌ಗೂ ಮೇಲೆ. ಅದರಲ್ಲಿ ದಾವಣಗೆರೆ, ಹಾವೇರಿ ಕಡೆಯ ಉತ್ತ ಹೊಲಗಳೂ ಇವೆ. ಮೊದಲ ಮಳೆಗೆ ಬಯಲಿನ ಹೊಲ ಬರಿ ಮೈಯಲ್ಲಿರುತ್ತದೆ. ಹೂಳಿನ ಬಿಲ್ಲನ್ನು ಪೂರ್ತಿ ಮಲೆನಾಡಿನ ಹೆಸರಿಗೆ ಹರಿಯುವುದು ನ್ಯಾಯವಲ್ಲ.

ಶರಾವತಿಯ ತುದಿಯಲ್ಲಿ

ಈಗ ಪಶ್ಚಿಮಕ್ಕೆ ಬರೋಣ. 1964ರಲ್ಲಿ ಲಿಂಗನಮಕ್ಕಿ ಕಟ್ಟಿದ ಮೇಲೆ ಶರಾವತಿಯ ಮೇಲ್ಭಾಗದ ಮರಳಿಗೆ ಜೋಗ ದಾಟುವ ದಾರಿ ಮುಚ್ಚಿಹೋಯಿತು. ಕೆಳಗೆ ಗೇರುಸೊಪ್ಪದಲ್ಲಿ ಇನ್ನೊಂದು ಡ್ಯಾಮ್ ಬಂತು. ಹೊನ್ನಾವರಕ್ಕೆ ಈಗ ತಲುಪುವುದು ಹೆಚ್ಚಾಗಿ ವಿದ್ಯುತ್ ಉತ್ಪಾದಿಸಿ ಬಿಟ್ಟ ತಿಳಿ ನೀರು, ಅದರ ಜೊತೆ ಕೆಳಗಿನ ಹಳ್ಳಗಳು ತರುವ ಮಣ್ಣು.

ಸಮುದ್ರದ ಬಾಗಿಲಲ್ಲಿ ಮರಳಿನ ಲೆಕ್ಕ ಬೇರೆ. ಮಳೆಗಾಲದ ದೊಡ್ಡ ಅಲೆಗಳು ಬೀಚಿನ ಮರಳನ್ನು ಎಳೆದು ಸ್ವಲ್ಪ ಆಚೆ ದಿಬ್ಬವಾಗಿ ಇಡುತ್ತವೆ. ಮಳೆಗಾಲ ಮುಗಿದ ಮೇಲೆ ಸಣ್ಣ ಅಲೆಗಳು ಅದನ್ನೇ ನಿಧಾನವಾಗಿ ವಾಪಸ್ ತರುತ್ತವೆ. ಈ ಕೊಡುಕೊಳ್ಳುವಿಕೆಯಲ್ಲಿ ವರ್ಷ ವರ್ಷ ಒಂದಿಷ್ಟು ಮರಳು ಆಳಕ್ಕೆ ಹೋಗಿ ನಷ್ಟವಾಗುತ್ತದೆ. ಆ ನಷ್ಟವನ್ನು ತುಂಬಿಕೊಡುತ್ತಿದ್ದದ್ದು ನದಿ. ನದಿ ಕೊಡುವುದು ಕಡಿಮೆಯಾಗಿ, ಇರುವ ಮರಳನ್ನೂ ಮನೆ ಕಟ್ಟಲು ಎತ್ತಿದರೆ ದಡ ಹಿಂದೆ ಸರಿಯುತ್ತದೆ.

ಹಾಗಾದರೆ ಅಳಿವೆಯಲ್ಲಿ ಹೂಳು ಎಲ್ಲಿಂದ? ಅಳಿವೆಯ ಬಾಗಿಲಿಗೆ ಮರಳು ತಂದು ಹಾಕುವುದು ಸಮುದ್ರದ ಅಲೆ. ಅದನ್ನು ಒದ್ದು ಹೊರಗೆ ತಳ್ಳುತ್ತಿದ್ದದ್ದು ಮಳೆಗಾಲದ ನೆರೆ. ಡ್ಯಾಮ್ ಆ ನೆರೆಯನ್ನು ಹಿಡಿದಿಟ್ಟುಕೊಂಡು ವರ್ಷವಿಡೀ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ಕರೆಂಟಿಗೆ ಅದು ಸರಿ. ಮರಳು ತಳ್ಳಲು ಆ ಹರಿವಿಗೆ ಕಸುವಿಲ್ಲ. ಹೀಗೆ ಒಂದೇ ಊರಿನಲ್ಲಿ ದಡ ಕರಗುವುದೂ, ಬಾಗಿಲು ಮುಚ್ಚುವುದೂ ಒಟ್ಟಿಗೇ ನಡೆಯಬಹುದು. ಬಂದರು ಕಾಮಗಾರಿ, ಕಲ್ಲಿನ ತಡೆಗೋಡೆ ಇಂಥವೂ ಮರಳಿನ ದಾರಿ ತಪ್ಪಿಸುತ್ತವೆ. ಎಲ್ಲದಕ್ಕೂ ಡ್ಯಾಮೇ ಕಾರಣ ಎನ್ನಲಾಗದು.

ಜೇಡಿಯ ಕಥೆ ಇನ್ನೂ ಸ್ವಾರಸ್ಯದ್ದು. ಸಿಹಿನೀರಿನಲ್ಲಿ ಜೇಡಿಯ ಕಣಗಳು ಒಂದನ್ನೊಂದು ದೂರ ತಳ್ಳುತ್ತಿರುತ್ತವೆ, ಏಕೆಂದರೆ ಎಲ್ಲದರ ಮೇಲೂ ಒಂದೇ ಬಗೆಯ ವಿದ್ಯುದಂಶ ಇರುತ್ತದೆ. ಉಪ್ಪು ನೀರು ಸೇರಿದ ಕೂಡಲೇ ಆ ತಳ್ಳಾಟ ನಿಂತು, ಕಣಗಳು ಅಂಟಿಕೊಂಡು ಉಂಡೆಯಾಗುತ್ತವೆ, ಬೇಗ ಮುಳುಗುತ್ತವೆ. ಅಳಿವೆಯ ಕೆಸರು ಹೀಗೆ ಹುಟ್ಟುತ್ತದೆ. ಉಪ್ಪು ಎಲ್ಲಿಯವರೆಗೆ ಒಳಗೆ ಬರುತ್ತದೆ ಅನ್ನುವುದು ಬದಲಾದರೆ ಕೆಸರು ಕೂರುವ ಜಾಗವೂ ಬದಲಾಗುತ್ತದೆ. ಶರಾವತಿಯಲ್ಲಿ ಬೇಸಿಗೆಯಲ್ಲೂ ಡ್ಯಾಮಿನ ಸಿಹಿನೀರು ಬರುವುದರಿಂದ ಉಪ್ಪು ಹಿಂದೆ ಸರಿಯಿತು. ಪಕ್ಕದ ಅಘನಾಶಿನಿಗೆ ದೊಡ್ಡ ಡ್ಯಾಮ್ ಇಲ್ಲ. ಅಲ್ಲಿ ಚಿಪ್ಪಿಕಲ್ಲಿನ ಬೆಳೆ ಸಮೃದ್ಧವಾಗಿರುವುದಕ್ಕೂ, ಶರಾವತಿಯಲ್ಲಿ ಸೊರಗಿದ್ದಕ್ಕೂ ಇದೇ ಮುಖ್ಯ ಕಾರಣ.

ತಣ್ಣನೆಯ ಸಮುದ್ರದಲ್ಲಾದರೆ

ಇದೇ ಮಣ್ಣು ಧ್ರುವದ ಹತ್ತಿರದ ಸಮುದ್ರಕ್ಕೆ ಬಿದ್ದರೆ ಬೇರೆಯೇ ರೀತಿ ವರ್ತಿಸುತ್ತದೆ. ನೀರು ತಣ್ಣಗಾದಷ್ಟೂ ಮಂದವಾಗುತ್ತದೆ. ಸೊನ್ನೆ ಡಿಗ್ರಿ ಹತ್ತಿರದ ನೀರು 30 ಡಿಗ್ರಿಯ ನೀರಿಗಿಂತ ಎರಡು ಪಟ್ಟಿಗೂ ಹೆಚ್ಚು ಮಂದ. ನಮ್ಮ ಬೆಚ್ಚಗಿನ ನೀರಿನಲ್ಲಿ ನಾಲ್ಕು ವಾರ ತೆಗೆದುಕೊಂಡ ಜೇಡಿ ಕಣಕ್ಕೆ ಅಲ್ಲಿ ಎರಡು ತಿಂಗಳು ಬೇಕು. ಅಷ್ಟರಲ್ಲಿ ಪ್ರವಾಹ ಅದನ್ನು ಎಷ್ಟೋ ದೂರ ಒಯ್ದಿರುತ್ತದೆ.

ಜೊತೆಗೆ ಮಂಜುಗಡ್ಡೆ ಬೇರೆ. ಕೆನಡಾದ ಮೆಕೆಂಜಿ ನದಿಯಲ್ಲಿ ವಸಂತದಲ್ಲಿ ಹಿಮ ಕರಗಿ ನೆರೆ ಬರುವಾಗ ಸಮುದ್ರ ಇನ್ನೂ ಹೆಪ್ಪುಗಟ್ಟಿಯೇ ಇರುತ್ತದೆ. ನದಿಯ ಕೆಸರು ನೀರು ಮಂಜುಗಡ್ಡೆಯ ಮೇಲೂ ಹರಡಿ, ಬಿರುಕುಗಳಲ್ಲಿ ಸುಳಿಯಾಗಿ ಇಳಿದು ಸಮುದ್ರದ ತಳವನ್ನೇ ಕೊರೆಯುತ್ತದೆ. ಚಳಿಗಾಲ ಬರುವಾಗ ಆಳವಿಲ್ಲದ ಕಡೆ ತಳದ ಕೆಸರು ಮಂಜುಗಡ್ಡೆಗೆ ಅಂಟಿಕೊಂಡು ನೂರಾರು ಕಿಲೋಮೀಟರ್ ತೇಲಿಹೋಗುತ್ತದೆ.

ಮೆಕೆಂಜಿ ನಮ್ಮ ಚರ್ಚೆಗೆ ಇನ್ನೊಂದು ಕಾರಣಕ್ಕೂ ಬೇಕು. ಸೈಬೀರಿಯಾದ ಲೆನಾ, ಯೆನಿಸೇ ನದಿಗಳಲ್ಲಿ ಹರಿಯುವ ನೀರು ಮೆಕೆಂಜಿಗಿಂತ ಬಹಳ ಜಾಸ್ತಿ. ಆದರೆ ಆರ್ಕ್ಟಿಕ್ ಸಮುದ್ರಕ್ಕೆ ಅತಿ ಹೆಚ್ಚು ಮಣ್ಣು ತರುವುದು ಮೆಕೆಂಜಿ, ವರ್ಷಕ್ಕೆ ಸುಮಾರು 13 ಕೋಟಿ ಟನ್. ಸೈಬೀರಿಯಾದ ನದಿಗಳು ಬಹುಪಾಲು ಹೆಪ್ಪುಗಟ್ಟಿದ ಸಮತಟ್ಟು ನೆಲದ ಮೇಲೆ ಹರಿಯುತ್ತವೆ, ಯೆನಿಸೇಗೆ ದೊಡ್ಡ ಡ್ಯಾಮುಗಳೂ ಅಡ್ಡ ಇವೆ. ಆಗುಂಬೆಯ ಮಳೆ ತೋರಿಸಿ ಹೂಳಿನ ಲೆಕ್ಕ ಹೇಳುವವರು ಇದನ್ನು ಗಮನಿಸಬೇಕು.

ಮುಂದೆ ಏನಾಗಬಹುದು

ತುಂಗಭದ್ರಾದ ಗೇಟುಗಳು ಹೊಸದಾದರೆ 105ರ ತನಕ ನೀರು ನಿಲ್ಲಿಸಬಹುದು. ಹೂಳು ಮಾತ್ರ ಬರುತ್ತಲೇ ಇರುತ್ತದೆ. ಹಾಗಾಗಿ ಎಡದಂಡೆ, ಬಲದಂಡೆ ಕಾಲುವೆಗಳ ತುದಿಯ ರೈತನಿಗೆ ಎರಡನೇ ಬೆಳೆಯ ನೀರು ಇನ್ನಷ್ಟು ಅನಿಶ್ಚಿತವಾಗಬಹುದು. ಹಿನ್ನೀರಿನ ತಲೆಯಲ್ಲಿ ಕೂತ ಮರಳನ್ನಾದರೂ ಬೇರೆಯಾಗಿ ಎತ್ತಿದರೆ ಅದಕ್ಕೆ ಬೆಲೆ ಇದೆ, ಕಟ್ಟಡಕ್ಕೆ ಬೇಕಾದ ಸರಕು ಅದು. ಗೋಡೆ ಹತ್ತಿರದ ಜೇಡಿಗೆ ಆ ಗಿರಾಕಿ ಇಲ್ಲ. ಎರಡನ್ನೂ ಒಂದೇ ಟೆಂಡರಿನಲ್ಲಿ ಸೇರಿಸಿ ಮಾತಾಡಿದರೆ ಲೆಕ್ಕ ಎಂದಿಗೂ ಕೂಡಿ ಬರುವುದಿಲ್ಲ. ಮರಳು ಎತ್ತುವ ನೆಪದಲ್ಲಿ ತುಂಗೆಯ ಪಾತ್ರಕ್ಕೇ ಕೈ ಹಾಕುವ ಅಪಾಯವೂ ಸಣ್ಣದಲ್ಲ.

ಶರಾವತಿಯಲ್ಲಿ ತಳಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟ್‌ನ ಪಂಪ್ಡ್ ಸ್ಟೋರೇಜ್ (ಕೆಳಗಿನ ನೀರನ್ನು ಮೇಲೆತ್ತಿಟ್ಟು, ಬೇಕಾದಾಗ ಇಳಿಸಿ ವಿದ್ಯುತ್ ಉತ್ಪಾದಿಸುವ) ಯೋಜನೆಯ ಚರ್ಚೆ ಕಾಡು ಮತ್ತು ಸಿಂಗಳೀಕದ ಸುತ್ತ ನಡೆಯುತ್ತಿದೆ. ಅದು ಸರಿಯೇ. ಆದರೆ ಸುರಂಗ ಕೊರೆದಾಗ ಹೊರಬರುವ ಕಲ್ಲುಮಣ್ಣಿನ ರಾಶಿ ಎಲ್ಲಿ ಹೋಗುತ್ತದೆ ಅನ್ನುವುದನ್ನೂ ಅಷ್ಟೇ ಗಟ್ಟಿಯಾಗಿ ಕೇಳಬೇಕು. ಘಟ್ಟದ ಇಳಿಜಾರಿನಲ್ಲಿ ಸುರಿದರೆ ಅದರ ಮೊದಲ ಮಳೆಗಾಲದಲ್ಲೇ ನಯವಾದ ಭಾಗ ಹೊಳೆಗೆ ಇಳಿಯುತ್ತದೆ. ಕರಾವಳಿಗೆ ಬೇಕಾದದ್ದು ಮರಳು. ಇದರಿಂದ ಅಲ್ಲಿಗೆ ಹೋಗುವುದು ಕೆಸರು.

ಅಳಿವೆಯ ಡ್ರೆಜಿಂಗ್ ವಿಷಯದಲ್ಲಿ ಮಾತ್ರ ದುಡ್ಡು ಜಾಸ್ತಿ ಖರ್ಚಿಲ್ಲದ ಒಂದು ತಿದ್ದುಪಡಿ ಸಾಧ್ಯ. ದೋಣಿಗಳಿಗಾಗಿ ಎತ್ತಿದ ಮರಳನ್ನು ಆಳ ಸಮುದ್ರಕ್ಕೆ ಸುರಿದರೆ ದಡಕ್ಕೆ ಅದು ಶಾಶ್ವತ ನಷ್ಟ. ಲಾರಿಗೆ ತುಂಬಿ ಮಾರಿದರೂ ಅಷ್ಟೇ. ಅದೇ ಮರಳನ್ನು ಕೊರೆತ ಇರುವ ದಡದ ಎದುರು, ಅಲೆ ಕೆಲಸ ಮಾಡುವ ಆಳದಲ್ಲಿ ಹಾಕಿದರೆ ಮಳೆಗಾಲದ ನಂತರದ ಸಣ್ಣ ಅಲೆಗಳು ಅದರಲ್ಲಿ ಒಂದಿಷ್ಟನ್ನು ಬೀಚಿಗೆ ಮರಳಿ ತರುತ್ತವೆ. ಎತ್ತಿದ್ದರಲ್ಲಿ ಮರಳೆಷ್ಟು, ಜೇಡಿಯೆಷ್ಟು ಎಂದು ಮೊದಲು ಜರಡಿ ಹಿಡಿದು ನೋಡಬೇಕು. ಜೇಡಿ ಜಾಸ್ತಿ ಇದ್ದರೆ ದಡಕ್ಕೂ ಉಪಯೋಗವಿಲ್ಲ, ಮೀನಿಗೂ ಒಳ್ಳೆಯದಲ್ಲ. ಟೆಂಡರ್ ಕರೆಯುವ ಮುಂಚೆ ಈ ಪರೀಕ್ಷೆ ಕಡ್ಡಾಯ ಮಾಡಲು ಹೊಸ ಕಾನೂನೇನೂ ಬೇಕಿಲ್ಲ, ಷರತ್ತಿನಲ್ಲಿ ಒಂದು ಸಾಲು ಸೇರಿಸಿದರೆ ಸಾಕು.